ಸಾಡೇಸಾತಿಗೆ ಅರ್ಧ ವರ್ಷ ರಿಯಾಯಿತಿ

ಪ್ರತಿ ಭಾನುವಾರ ಬೆಳಗ್ಗೆ ನನ್ನ ಹೆಂಡತಿ ಹ್ಯಾರೋದಲ್ಲಿರುವ ನನ್ನ ಸೋದರಮಾವನಿಗೆ ಫೋನ್ ಮಾಡುತ್ತಾಳೆ. "ಶುಗರ್ ಎಷ್ಟಿದೆ ಮಾವ? ವಾಕಿಂಗ್ ಹೋದ್ರಾ? ಮಂಜು ಬಿದ್ದಿದ್ರೆ ಹೋಗ್ಬೇಡಿ, ಜಾರೀತು." ಮೂರು ವರ್ಷದ ಹಿಂದಿನವರೆಗೆ ಅವರಿಗೆ ಶುಗರ್ ಇದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ನಡುವೆ ಆದದ್ದಿಷ್ಟೆ: ನಾವು ರೆಡಿಂಗ್‌ನಲ್ಲಿ ಮನೆ ಕೊಳ್ಳುವಾಗ ಮಾವ ಒಂದು ಲಕ್ಷ ಪೌಂಡ್ ಕೊಟ್ಟರು.

ಮಾವ ಬ್ರಹ್ಮಚಾರಿ. 1974ರಲ್ಲಿ ಹಾಸನ ಬಿಟ್ಟು ಬಂದು ಇಲ್ಲಿ ಬ್ರಿಟನ್ನಿನಲ್ಲಿ ಇಂಜಿನಿಯರಾಗಿ ದುಡಿದವರು. ಅವರು ಹೊರಟಾಗ ಭಾರತದಲ್ಲೂ ಸತ್ತವರ ಆಸ್ತಿಗೆ ತೆರಿಗೆಯಿತ್ತು; ಭಾರಿ ಶ್ರೀಮಂತರಿಗೆ ಮೇಲಿನ ಹಂತದಲ್ಲಿ ಶೇಕಡಾ 85. ಸರ್ಕಾರವೇ ದತ್ತುಪುತ್ರ ಅನ್ನಿ. 1985ರಲ್ಲಿ ಅಲ್ಲಿ ಅದನ್ನು ತೆಗೆದೇ ಹಾಕಿದರು. "ನಾನು ವಿಮಾನ ಹತ್ತೋದನ್ನೇ ಕಾಯ್ತಿದ್ರು ಕಣೋ" ಎನ್ನುತ್ತಾರೆ ಮಾವ. ಇಲ್ಲಿ 3,25,000 ಪೌಂಡ್ ದಾಟಿದ ಆಸ್ತಿಗೆ ಶೇಕಡಾ 40. ಆ ಗೆರೆ 2009ರಿಂದ ಇದ್ದಲ್ಲೇ ಇದೆ. ಹ್ಯಾರೋದ ಮನೆಬೆಲೆ ಮಾತ್ರ ಅದನ್ನು ಹಾರಿ ಎಷ್ಟೋ ಕಾಲವಾಯಿತು.

ಬದುಕಿರುವಾಗಲೇ ಕೊಟ್ಟುಬಿಟ್ಟರೆ? ಕೊಡಬಹುದು. ಆದರೆ ಕೊಟ್ಟವರು ಏಳು ವರ್ಷ ಬದುಕಿರಬೇಕು. ಅಷ್ಟರೊಳಗೆ ಹೋದರೆ ಕೊಟ್ಟ ದುಡ್ಡೂ ಲೆಕ್ಕಕ್ಕೆ ವಾಪಸ್. ನಮ್ಮ ಶನಿಮಹಾತ್ಮ ಕಾಡುವುದು ಏಳೂವರೆ ವರ್ಷ. ಈ ಸಾಡೇಸಾತಿಗೆ ಅರ್ಧ ವರ್ಷ ರಿಯಾಯಿತಿಯುಂಟು. ಕಾಲಿಗೆ ಬಿದ್ದವರಿಗೆ ಹಿರಿಯರು ದೀರ್ಘಾಯುಸ್ಸು ಹರಸುವುದು ವಾಡಿಕೆ. ನಮ್ಮಲ್ಲಿ ಬಿದ್ದವರೇ ಕೆಳಗಿನಿಂದ ಹರಸುತ್ತೇವೆ.

ಮಾವನಿಗೆ ಒಂದು ಧೈರ್ಯವಿತ್ತು. ಮೂರು ವರ್ಷ ಕಳೆದ ಮೇಲೆ 40 ಇದ್ದದ್ದು 32ಕ್ಕೆ, ಆಮೇಲೆ ವರ್ಷವರ್ಷಕ್ಕೂ 24, 16, 8 ಎಂದು ಇಳಿಯುತ್ತದೆ, ಆಷಾಢದ ಸೇಲ್ ಇದ್ದಹಾಗೆ. ಮೂರು ತುಂಬಿದ ದಿನ ನಾವು ಹೋಳಿಗೆಯನ್ನೂ ಮಾಡಿದೆವು. ಆಮೇಲೆ ಲೆಕ್ಕಪರಿಶೋಧಕರನ್ನು ಕೇಳಿದರೆ, ಆ ಇಳಿಕೆ ಕೊಡುಗೆಯ ಮೇಲೇ ತೆರಿಗೆ ಬಿದ್ದಾಗ ಮಾತ್ರ. ಅದು ಬೀಳುವುದು ಕೊಡುಗೆ 3,25,000 ದಾಟಿದರೆ. ನಮ್ಮ ಒಂದು ಲಕ್ಷ ಗೆರೆಯೊಳಗೇ ಸುಮ್ಮನೆ ಕೂತು ಜಾಗ ತಿನ್ನುತ್ತದೆ. ಆ ಜಾಗ ಹೋದಷ್ಟು ಮಾವನ ಮನೆ ಗೆರೆಯಾಚೆ ಬಿದ್ದು, ಹೆಚ್ಚುಕಮ್ಮಿ ನಲವತ್ತು ಸಾವಿರ ತೆರಿಗೆ. ಮೊದಲ ವರ್ಷ ಹೋದರೂ ಅಷ್ಟೇ, ಆರು ವರ್ಷ ಹನ್ನೊಂದು ತಿಂಗಳಿಗೆ ಹೋದರೂ ಅಷ್ಟೇ.

"ಅಂದ್ರೆ ಪಾಸು, ಇಲ್ಲಾ ಫೇಲು. ಗ್ರೇಸ್ ಮಾರ್ಕ್ಸ್ ಇಲ್ಲ ಅನ್ನು" ಎಂದರು ಮಾವ. ತಿಂದ ಹೋಳಿಗೆ ದಂಡ.

ಹ್ಯಾರೋದ ಮನೆಯನ್ನೇ ನನ್ನ ಹೆಸರಿಗೆ ಬರೆದು, ತಾವು ಮೇಲಿನ ಕೋಣೆಯಲ್ಲಿ ಇದ್ದುಬಿಡುವ ಉಪಾಯವನ್ನೂ ಹೂಡಿದರು. ಕಾನೂನು ಅದಕ್ಕೂ ಕಣ್ಣಿಟ್ಟಿದೆ. ಕೊಟ್ಟ ಮನೆಯಲ್ಲಿ ಕೊಟ್ಟವರೇ ಬಿಟ್ಟಿ ಇದ್ದರೆ ಕೊಟ್ಟಂತೆಯೇ ಅಲ್ಲ, ಏಳಲ್ಲ ಎಪ್ಪತ್ತು ವರ್ಷವಾದರೂ. ಮಾರುಕಟ್ಟೆ ದರದಲ್ಲಿ ನನಗೆ ಬಾಡಿಗೆ ಕೊಡಬೇಕು. "ಎತ್ತಿ ಆಡಿಸಿದ ಅಳಿಯನಿಗೆ ನಾನು ಬಾಡಿಗೆ ಕೊಡ್ಬೇಕೇನೋ?" ಎಂದು ಆ ದಿನ ಊಟ ಬಿಟ್ಟರು. ಶುಗರ್ ಇಳಿದೀತೆಂದು ನಾವು ಗಾಬರಿಯಾದೆವು.

ಈಗ ನನ್ನ ಮಗಳ ಮದುವೆ. ಮೊಮ್ಮಗಳಿಗೆ ಐದು ಸಾವಿರ ಮುಯ್ಯಿ ಓದಿಸುತ್ತೇನೆಂದರು ಮಾವ. ಮದುವೆಯ ಮುಯ್ಯಿಗೆ ಇಲ್ಲಿ ವಿನಾಯಿತಿಯುಂಟು: ಮಕ್ಕಳಿಗೆ 5,000, ಮೊಮ್ಮಕ್ಕಳಿಗೆ 2,500, ಉಳಿದವರಿಗೆ 1,000. ಅಕ್ಕನ ಮಗನ ಮಗಳು ಕನ್ನಡದಲ್ಲಿ ಮೊಮ್ಮಗಳು. ಇಲ್ಲಿನ ಕಾಯಿದೆಯಲ್ಲಿ ಪಕ್ಕದ ಮನೆಯವರ ಸಾಲಿಗೆ. ಕೊನೆಗೆ ಆ ಸಾವಿರಕ್ಕೆ, ಯಾರಿಗೆ ಬೇಕಾದರೂ ಕೊಡಬಹುದಾದ ವರ್ಷದ ಮೂರು ಸಾವಿರವನ್ನು ಕೂಡಿಸಿ ನಾಲ್ಕಕ್ಕೆ ಒಪ್ಪಿಸಿದೆ. ಆ ಮೂರು ಸಾವಿರವೂ 1981ರದ್ದು. ಆಗ ಅದರಲ್ಲಿ ಕಾರು ಬರುತ್ತಿತ್ತಂತೆ.

ಮಾವನಿಗೆ ಒಲಿದ ನಿಯಮ ಒಂದೇ. ಆದಾಯದಲ್ಲಿ ಖರ್ಚು ಕಳೆದು ಉಳಿದದ್ದನ್ನು, ತಮ್ಮ ಜೀವನಕ್ಕೆ ತೊಡಕಾಗದಂತೆ, ತಪ್ಪದೆ ಕೊಡುತ್ತಾ ಬಂದರೆ ಮಿತಿಯೂ ಇಲ್ಲ, ಏಳು ವರ್ಷವೂ ಇಲ್ಲ. ಪಿಂಚಣಿಯಲ್ಲಿ ತಿಂಗಳಿಗೆ ಇನ್ನೂರು ಪೌಂಡ್ ನನ್ನ ಮಗಳಿಗೆ ಕಳಿಸುತ್ತಿದ್ದಾರೆ. ಆದರೆ ಲೆಕ್ಕ ಇರಬೇಕು. ಐಎಚ್‌ಟಿ 403 ಎಂಬ ಫಾರಮ್ಮಿನಲ್ಲಿ ಪಿಂಚಣಿ, ಬಡ್ಡಿ, ಮನೆಖರ್ಚು, ಪ್ರವಾಸ ಎಲ್ಲಕ್ಕೂ ವರ್ಷವಾರು ಖಾನೆಗಳಿವೆ. ತಿಥಿಯಾದ ಮೇಲೆ ಕೂತು ತುಂಬಬೇಕಾದವನು ನಾನು.

ಮಾವ ಹಾಸನದಿಂದ ತಂದಿದ್ದ ಅಜ್ಜಿಯ ಮುಯ್ಯಿ ಪುಸ್ತಕ ತೆಗೆದರು. ಯಾರ ಮದುವೆಗೆ ಯಾರು ಎಂಟಾಣೆ, ಯಾರು ಕುಪ್ಪಸದ ಕಣ, ಯಾರು ಬರೀ ಊಟ, ಎಲ್ಲ ತಾರೀಖಿನ ಸಮೇತ ಇದೆ. ಉಳಿದ ಹಾಳೆಗಳಲ್ಲಿ ಈಗ ಮಾವ ಬರೆಯುತ್ತಾರೆ: "ಕರೆಂಟು 94. ತರಕಾರಿ 31. ಮೊಮ್ಮಗಳಿಗೆ 200." ಅಜ್ಜಿ ಇದ್ದಿದ್ದರೆ ಬ್ರಿಟನ್ನಿನ ತೆರಿಗೆ ಅಧಿಕಾರಿಗಳೇ ಅವಳಲ್ಲಿ ಪಾಠಕ್ಕೆ ಬರುತ್ತಿದ್ದರು.

ಮದುವೆ ಬರುವ ಆಗಸ್ಟ್‌ನಲ್ಲಿ, ರೆಡಿಂಗ್‌ನಲ್ಲೇ. ತಾವೆಲ್ಲ ಬರಬೇಕು. ಊಟದ ಪಂಕ್ತಿಯಲ್ಲಿ ರೇಷ್ಮೆ ಶಲ್ಯ ಹೊದ್ದ ಬಕ್ಕತಲೆಯ ಹಿರಿಯರೊಬ್ಬರು ನಗುತ್ತಾ ಎಲೆ ಮುಂದೆ ಚಾಚಿದರೆ, ದಯವಿಟ್ಟು ಜಾಮೂನು ಬಡಿಸಬೇಡಿ. ಇನ್ನೂ ನಾಲ್ಕು ವರ್ಷ ಬಾಕಿ ಇದೆ.