ಮಂಗಳವಾರ ರಜೆ

"ದುಡ್ಡು ಕೊಟ್ಟು ಆನೆ ನೋಡಾದಾ?"

ಮೈಸೂರು ಮೃಗಾಲಯದ ಟಿಕೆಟ್ ಕೌಂಟರಿನ ಮುಂದೆ ದೊಡ್ಡಮ್ಮ ಗಟ್ಟಿಯಾಗಿಯೇ ಕೇಳಿದರು. ಸರದಿಯಲ್ಲಿದ್ದ ಬೆಂಗಳೂರಿನವರು ನಕ್ಕರು. ನಮ್ಮ ಕಡೆಯವರಾಗಿದ್ದರೆ ನಗುತ್ತಿರಲಿಲ್ಲ. ದೊಡ್ಡಮ್ಮನದು ಆಲೂರು ತಾಲ್ಲೂಕು. ಅವರ ಹಿತ್ತಿಲಿಗೆ ಆನೆ ಬರುವುದು, ಹೊಳೆನರಸೀಪುರದ ನಮ್ಮ ಬೀದಿಗೆ ಹಾಲಿನವನು ಬಂದಷ್ಟೇ ಮಾಮೂಲು. ವ್ಯತ್ಯಾಸ ಇಷ್ಟೇ, ಹಾಲಿನವನು ಬಂದರೆ ನಾವು ಬಾಗಿಲು ತೆಗೆಯುತ್ತೇವೆ.

ಮೊಮ್ಮಕ್ಕಳ ಹಟಕ್ಕೆ ಬಂದವರು ಅವರು. ಬಂದಮೇಲೆ ನೋಡಲೇಬೇಕಲ್ಲ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರು ಕಟ್ಟಿಸಿದ ಮೃಗಾಲಯ. 157 ಎಕರೆ, ತಂಪು ನೆರಳು, ಗುಡಿಸಿಟ್ಟ ದಾರಿ. 2021ರಲ್ಲಿ ಮಲೇಷ್ಯಾ, ಸಿಂಗಾಪುರದಿಂದ ಬಂದ ಒರಾಂಗುಟಾನ್‌ಗಳ ಮುಂದೆ ಜನ ಜಾಸ್ತಿ. ಪಾಪ, ಅವುಗಳ ಕಾಡನ್ನು ಕಡಿದು ತಾಳೆ ನೆಟ್ಟರು ಎಂದು ಪಕ್ಕದಲ್ಲಿದ್ದ ಯಜಮಾನರೊಬ್ಬರು ಮಗಳಿಗೆ ವಿವರಿಸುತ್ತಿದ್ದರು. ಮಗಳು ಕಣ್ಣರಳಿಸಿ ಕೇಳುತ್ತಾ ತಾಳೆ ಎಣ್ಣೆಯಲ್ಲಿ ಕರಿದ ಚಿಪ್ಸ್ ತಿನ್ನುತ್ತಿದ್ದಳು. ಅಪ್ಪನೂ ನಡುನಡುವೆ ಎರಡು ಬಾಯಿಗೆ ಹಾಕಿಕೊಂಡರು.

ಮುಂದೆ ಚಿರತೆ, ಕರಡಿ, ಕಾಟಿ. ಕರಡಿ ಮುಂದೆ ಅರಸೀಕೆರೆಯ ಒಂದು ಕುಟುಂಬ ನಿಂತಿತ್ತು. "ನಮ್ ಗುಡ್ಡದ್ದು ಇದಕ್ಕಿಂತ ದಪ್ಪ ಐತೆ" ಎಂದು ಮನೆಯಾಕೆ ಗಂಡನಿಗೆ ಹೇಳುತ್ತಿದ್ದರು. ಹಾಸನ ಜಿಲ್ಲೆಯವರು ಮೃಗಾಲಯಕ್ಕೆ ಹೋಗುವುದೆಂದರೆ ಹೀಗೆಯೇ, ಜೈಲಿನಲ್ಲಿರುವ ನೆಂಟರನ್ನು ಮಾತಾಡಿಸಿಕೊಂಡು ಬಂದ ಹಾಗೆ.

ಆನೆಯ ಹತ್ತಿರ ದೊಡ್ಡಮ್ಮ ಬಹಳ ಹೊತ್ತು ನಿಂತರು. ಕಂದಕದ ಆಚೆ ಆನೆ, ಸೊಪ್ಪನ್ನು ಸೊಂಡಿಲಿನಿಂದ ಎತ್ತಿ, ಮುಂಗಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಬಾಯಿಗಿಟ್ಟುಕೊಳ್ಳುತ್ತಿತ್ತು. ಮೊಮ್ಮಗ ಫಲಕ ಓದಿದ: ವಾಸ ಏಷ್ಯಾದ ಕಾಡುಗಳಲ್ಲಿ, ಆಹಾರ ಹುಲ್ಲು, ಎಲೆ, ಬಿದಿರು, ತೊಗಟೆ.

"ಭತ್ತ ಬರ್ದಿಲ್ವಾ ಪುಟ್ಟ? ಬಾಳೆ? ಅಡಿಕೆ ಸುಳಿ? ಹಲಸಿನ ಹಣ್ಣು?"

"ಇಲ್ಲ ಅಜ್ಜಿ."

"ಹಂಗಾದ್ರೆ ಇದು ಬೇರೆ ಜಾತಿ ಇರ್ಬೇಕು ಬಿಡು."

ಹಲಸು ಹಣ್ಣಾಗುವ ಮೊದಲೇ ಕಿತ್ತುಹಾಕಿ, ವಾಸನೆಗೆ ಆನೆ ಬರುತ್ತದೆ ಎಂಬ ಬುದ್ಧಿಮಾತು ನಮ್ಮ ಮಲೆನಾಡಿನ ತೋಟಗಳಲ್ಲಿ ಪ್ರತಿ ವರ್ಷ ಕೇಳುವಂಥದ್ದು. ಮೃಗಾಲಯದ ಆನೆಗೆ ಹೊತ್ತಿಗೆ ಸರಿಯಾಗಿ ಊಟ, ಕಾಯಿಲೆ ಬಂದರೆ ಡಾಕ್ಟರು. ನಮ್ಮಲ್ಲಿ ಆನೆಯ ಊಟದ ಖರ್ಚು ದೊಡ್ಡಮ್ಮನದು.

ಅಷ್ಟರಲ್ಲಿ ಅವರ ಸೆರಗಿನ ಗಂಟಿನಲ್ಲಿದ್ದ ಫೋನು ಕುಂಯ್ ಎಂದಿತು. ಊರಿನ ವಾಟ್ಸಾಪ್ ಗುಂಪಿನ ಸಂದೇಶ: ಆನೆಗಳು ಇಂಥ ತೋಟದಲ್ಲಿ ನಿಂತಿವೆ, ಓಡಾಡುವವರು ಎಚ್ಚರ. ದೊಡ್ಡಮ್ಮ ಅಲ್ಲಿಂದಲೇ ಮಗನಿಗೆ ಫೋನು ಹಚ್ಚಿದರು. "ಕರ ಒಳಿಕ್ ಕಟ್ಲಾ. ಪಂಪ್‌ಸೆಟ್ ಹತ್ರ ಹೋಗ್ಬ್ಯಾಡ. ನಾನಾ? ಇಲ್ಲೇ ಆನೆ ನೋಡ್ತಾ ಇದೀನಿ." ಕಂದಕದ ಆಚೆಯದು ಈ ಮಾತಿಗೂ ತಲೆ ಎತ್ತಲಿಲ್ಲ.

ಆನೆಕಂದಕ ನಮ್ಮಲ್ಲೂ ಉಂಟು. ಮಳೆಗೆ ದಂಡೆ ಕುಸಿಯುತ್ತದೆ. ಕುಸಿಯದಿದ್ದರೆ ಆನೆಯೇ ಕಾಲಲ್ಲಿ ಮಣ್ಣು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಗುತ್ತಿಗೆದಾರನಿಗಿಂತ ಚೊಕ್ಕ ಕೆಲಸ, ಬಿಲ್ಲೂ ಇಲ್ಲ. ಸೋಲಾರ್ ಬೇಲಿ ಬಂತು, ಹಳೆಯ ರೈಲು ಹಳಿಯ ಬೇಲಿ ಬಂತು. ಈಗ ಸಂಜೆ ಆರಾದರೆ ಬೇಲಿಯೊಳಗೆ ಇರುವವರು ನಾವು. ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳಿಂದ ಕೆಲಸದವರು ಹೊರಡುವುದು ಆನೆ ಎಲ್ಲಿದೆ ಎಂದು ತಿಳಿದ ಮೇಲೆ. ಏಷ್ಯಾದ ಕಾಡುಪ್ರಾಣಿಗಳಿಗೆ ಮನುಷ್ಯರನ್ನು ಸಹಜ ಪರಿಸರದಲ್ಲಿ ತೋರಿಸುವ ವ್ಯವಸ್ಥೆ ಇಷ್ಟು ಚೆನ್ನಾಗಿ ಬೇರೆಲ್ಲೂ ಇರಲಾರದು.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದೆವು. ಸಕಲೇಶಪುರದ ಕಾಡಿನೊಳಗೆ ಎತ್ತಿನಹೊಳೆ ಯೋಜನೆಯ ಪೈಪು ಎಳೆದೆವು. ಘಾಟಿಯ ರಸ್ತೆಯನ್ನು ಅಗಲ ಮಾಡುತ್ತಾ ಕೂತೆವು. ಆಮೇಲೆ 'ನಾಡಿಗೆ ನುಗ್ಗಿದ ಕಾಡಾನೆ' ಎಂದು ತಲೆಬರಹ ಕೊಟ್ಟೆವು. ಆ ತಲೆಬರಹ ನಾನೂ ಬರೆದವನೇ, ಸುಳ್ಳೇಕೆ.

ಹಿಡಿದು ಸಾಗಿಸಿ ಎನ್ನುವುದು ಎಲ್ಲ ಪಕ್ಷಗಳೂ ಒಪ್ಪಿರುವ ಒಂದೇ ಬೇಡಿಕೆ. 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದ್ದೂ ಆಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಬಾಡಿಗೆ ಮನೆ ಖಾಲಿ ಇದೆ ಎಂದರೆ ಹಾಸನದಲ್ಲೇ ಎರಡು ದಿನ ಉಳಿಯುವುದಿಲ್ಲ, ಇನ್ನು ನೀರು, ಬೈನೆ, ಬಾಳೆ ಇರುವ ಜಾಗ ಉಳಿಯುತ್ತದೆಯೇ?

2023ನೇ ಇಸವಿಯನ್ನೇ ನೋಡಿ. ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಅರಿವಳಿಕೆ ಚುಚ್ಚುಮದ್ದು ಹಾರಿಸುವುದರಲ್ಲಿ ಪಳಗಿದ್ದ 'ಆನೆ ವೆಂಕಟೇಶ್' ಕಾಡಾನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಗೋಡೆಯ ತಳದ ಸಾಲಿನಲ್ಲಿ ಇಡೀ ಗುಡಿಯನ್ನು ಹೊತ್ತು ನಿಂತಿರುವ ಕಲ್ಲಿನ ಆನೆಗಳಿಗೆ ವಿಶ್ವದ ರಕ್ಷಣೆ ಸಿಕ್ಕಿತು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ದಬ್ಬಳ್ಳಿಕಟ್ಟೆಯಲ್ಲಿ, ಕಾಡಾನೆ ಹಿಡಿಯಲು ಕರೆತಂದಿದ್ದ ಸಾಕಾನೆ ಅರ್ಜುನ ಕಾದಾಡಿ ಸತ್ತ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕಿಲೋ ಅಂಬಾರಿ ಹೊತ್ತವನು ಅವನು. ಅರವತ್ತು ದಾಟಿತು, ಇನ್ನು ಅಂಬಾರಿ ಹೊರಿಸುವುದು ಬೇಡ ಎಂದು ನಿವೃತ್ತಿ ಕೊಟ್ಟಿದ್ದರು. ಮದವೇರಿದ ಸಲಗದ ಎದುರು ನಿಲ್ಲಿಸಲು ಮಾತ್ರ ಅವನಿಗೆ ವಯಸ್ಸಾಗಿರಲಿಲ್ಲ. ಸತ್ತ ಜಾಗದಲ್ಲೇ ಮಣ್ಣು ಮಾಡಿದರು.

ಮನುಷ್ಯ ಸತ್ತರೆ ಕೊಡುವ ಪರಿಹಾರವನ್ನು ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿದಾಗ ಅದನ್ನೂ ಸಾಧನೆಯ ಪಟ್ಟಿಗೆ ಸೇರಿಸಿದ್ದುಂಟು. ಭೀಮನೆಂಬ ಸಲಗ ರಸ್ತೆಗಿಳಿದರೆ ಮೊಬೈಲು ಹಿಡಿದು ಹಿಂದೆ ಓಡುವ ಹುಡುಗರೂ ನಮ್ಮವರೇ. ಅದರ ವಿಡಿಯೊ ನೋಡಿ ಲೈಕ್ ಒತ್ತುವವನು, ಅದನ್ನು ಇನ್ನೂ ಹಿಡಿದಿಲ್ಲವೇಕೆ ಎಂದು ಅದರ ಕೆಳಗೇ ಬೈದು ಬರೆಯುತ್ತಾನೆ.

ವಾಪಸು ರೈಲಿನಲ್ಲಿ ದೊಡ್ಡಮ್ಮ ಕೃಷ್ಣರಾಜನಗರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಅದ್ಯಾಕೆ ಹಂಗೆ ಸುಮ್ನೆ ನಿಂತಿತ್ತು? ಸೊಪ್ಪು ಸಾಕಾಗ್ತಿತ್ತಾ ಅದ್ಕೆ?" ಸಾಕಾಗುತ್ತಿರಬೇಕು ಎಂದೆ. "ನಮ್ ಕಡೇವಕ್ಕೂ ಅಲ್ಲಲ್ಲೇ ಸಾಕಾಗಿದ್ರೆ ಬರ್ತಿರ್ಲಿಲ್ಲ ಕಣೋ" ಎಂದು ಕಿಟಕಿಯಾಚೆ ನೋಡಿದರು.

ಹೋಗುವವರ ಗಮನಕ್ಕೆ: ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಆಲೂರು, ಸಕಲೇಶಪುರದಲ್ಲಿ ವಾರದ ರಜೆ ಇಲ್ಲ.