ಆಂಗ್ಲ ಸಂಧಿಪ್ರಕರಣ

ನಾಲ್ವರು ವಿದ್ಯಾವಂತರು ಜಗಲಿಯ ಮೇಲೆ ಕುಳಿತು, ರಾಜಕೀಯವನ್ನೂ ಮಳೆಬೆಳೆಯನ್ನೂ ಮುಗಿಸಿ, ಇನ್ನೇನು ಏಳಬೇಕೆಂಬ ಹೊತ್ತಿಗೆ ಅವರಲ್ಲೊಬ್ಬರು ಇಂಗ್ಲಿಷಿನ ಕಾಗುಣಿತದ ಮಾತೆತ್ತಿದರೆಂದರೆ ಆ ಸಭೆ ಮತ್ತೆ ಅರ್ಧ ಗಂಟೆ ಕದಲುವುದಿಲ್ಲ. ಬಿ-ಯು-ಟಿ ‘ಬಟ್’ ಆದ ಮೇಲೆ ಪಿ-ಯು-ಟಿ ‘ಪುಟ್’ ಆದುದೇಕೆ ಎಂಬ, ತಮ್ಮ ತಾತಂದಿರೂ ಕೇಳಿ ನಕ್ಕಿದ್ದ ಪ್ರಶ್ನೆಯನ್ನೇ ಅವರೂ ಕೇಳಿ, ಅಷ್ಟೇ ಗಟ್ಟಿಯಾಗಿ ನಕ್ಕು, ಬರೆದಂತೆ ಓದುವ ಭಾಷೆಯಲ್ಲಿ ಹುಟ್ಟಿದ ಪುಣ್ಯವನ್ನು ಸ್ಮರಿಸುತ್ತ ಎಲೆಯಡಿಕೆಯ ತಟ್ಟೆಯತ್ತ ಕೈಚಾಚುವರು. ಆ ಪ್ರಶ್ನೆಗೆ ಉತ್ತರವಿಲ್ಲವೆಂದಲ್ಲ: 17ನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಹ್ರಸ್ವ ಉಕಾರವು ಸಡಿಲಗೊಂಡು ಅಕಾರದತ್ತ ಜಾರಿತು, ಕೆಲವು ಪದಗಳಲ್ಲಿ ಮಾತ್ರ ತುಟಿಯ ವ್ಯಂಜನವು ಅದನ್ನು ಹಿಡಿದು ನಿಲ್ಲಿಸಿತು, ಉತ್ತರ ಇಂಗ್ಲೆಂಡಿನ ಬಹುಜನರು ಇಂದಿಗೂ ಎರಡಕ್ಕೂ ಉಕಾರವನ್ನೇ ಹಚ್ಚುವರು. ಆದರೆ ಉತ್ತರ ಸಿಕ್ಕಿದರೆ ಹರಟೆ ನಿಲ್ಲುವುದರಿಂದ ಯಾರೂ ಅದನ್ನು ಹುಡುಕುವ ಗೋಜಿಗೆ ಹೋಗಿಲ್ಲ. ನಗುವುದಕ್ಕೆ ನನ್ನ ಅಭ್ಯಂತರವೇನೂ ಇಲ್ಲ. ಅಷ್ಟು ಕಾಲ ಆಳಿಸಿಕೊಂಡವರಿಗೆ ಆಳಿದವರ ಕಾಗುಣಿತವನ್ನು ಕಂಡು ನಗುವಷ್ಟು ಹಕ್ಕಾದರೂ ಬೇಡವೆ? ಇಂಗ್ಲಿಷನ್ನು ಅರಾಜಕವೆಂದು ಕರೆಯುವುದು ಮಾತ್ರ ಅನ್ಯಾಯ. ಕೇಶಿರಾಜನೂ ಮೆಚ್ಚಿ ತಲೆದೂಗಬಹುದಾದ ಸಂಧಿಕಾರ್ಯಗಳು ಆ ಭಾಷೆಗುಂಟು. ಅವನ್ನು ಬಾಯಲ್ಲಿ ಮಾಡಿ ಕೈಯಲ್ಲಿ ಬರೆಯದಿರುವುದಷ್ಟೇ ಅದರ ಸ್ವಭಾವ.

‘ಎಲೆಕ್ಟ್ರಿಕ್’ ಎಂಬ ಪದವನ್ನೇ ನೋಡಿ. ಅದರ ಅಂತ್ಯದ ಕಕಾರವು ಯಾರಿಗೂ ಬಗ್ಗುವಂತೆ ತೋರದು. ಆದರೆ ಅದರ ಮುಂದೆ ‘ಇಟಿ’ ಎಂಬ ಪ್ರತ್ಯಯ ಬಂದು ನಿಂತಿತೋ, ಬೀಗರು ಹೊಸ್ತಿಲು ತುಳಿದೊಡನೆ ಮನೆಯ ಯಜಮಾನನ ದನಿ ಇಳಿಯುವಂತೆ, ಆ ಕಕಾರವು ಮೆತ್ತಗಾಗಿ, ಸಕಾರವಾಗಿ, ‘ಎಲೆಕ್ಟ್ರಿಸಿಟಿ’ ಎನಿಸಿಕೊಳ್ಳುವುದು. ‘ಇಯನ್’ ಬಂದರೆ ಇನ್ನೂ ಕರಗಿ ‘ಎಲೆಕ್ಟ್ರಿಶನ್’ ಆಗುವುದು. ಉಚ್ಚಾರದಲ್ಲಿ ಮೂರು ವೇಷ. ಬರೆವಣಿಗೆಯಲ್ಲಿ ಮೂರರಲ್ಲಿಯೂ ಅದೇ ‘ಸಿ’. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಈ ಮೂರು ವೇಷಗಳೂ ಅದರ ಬೆನ್ನಿಗೇ ಬಂದಿಳಿದಿರಬೇಕು; ನಮ್ಮ ಜನ ಅವುಗಳ ಗೊಡವೆಯೇ ಬೇಡವೆಂದು ‘ಕರೆಂಟು’ ಎಂದು ಹೇಳಿ ಕೈತೊಳೆದುಕೊಂಡರು.

ಹಾಗೆಂದು ಇಕಾರವನ್ನು ಕಂಡಲ್ಲೆಲ್ಲ ಕಕಾರವು ಕರಗುವುದಿಲ್ಲ. ‘ಪಿಕ್ನಿಕ್’ ಪದಕ್ಕೆ ‘ಇಂಗ್’ ಹತ್ತಿದರೆ ‘ಪಿಕ್ನಿಕಿಂಗ್’ ಆಗುವುದೇ ಹೊರತು ‘ಪಿಕ್ನಿಸಿಂಗ್’ ಆಗದು. ‘ಇಂಗ್’ ಎಂಬುದು ಇಂಗ್ಲಿಷಿನ ಮನೆಯಲ್ಲೇ ಹುಟ್ಟಿದ ಪ್ರತ್ಯಯ. ‘ಇಟಿ’ಯಾದರೋ 1066ರಲ್ಲಿ ನಾರ್ಮಂಡಿಯ ವಿಲಿಯಮ್ಮನು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚಿನ ಕೈಹಿಡಿದು ಬಂದ ಲ್ಯಾಟಿನ್ ವಂಶದ್ದು. ಕಕಾರದ ವಿನಯವೆಲ್ಲ ಲ್ಯಾಟಿನ್ ನಂಟರಿಗೇ ಮೀಸಲು. ಸಂಸ್ಕೃತ ಪದಗಳಿಗೆ ಸಂಸ್ಕೃತ ಸಂಧಿ, ಕನ್ನಡ ಪದಗಳಿಗೆ ಕನ್ನಡ ಸಂಧಿ ಎಂದು ವಿಂಗಡಿಸಿ, ಎರಡನ್ನೂ ಬೆರಸಿದ ಸಮಾಸವನ್ನು ಅರಿಸಮಾಸವೆಂದು ದೂರವಿರಿಸಿದ ನಮ್ಮ ವೈಯಾಕರಣರಿಗೆ ಈ ಪಂಕ್ತಿಭೇದ ಹೊಸದಾಗಿ ತೋರಲಾರದು. ಒಂದೇ ಅಪರಾಧವನ್ನು ‘ಇಲ್ಲೀಗಲ್’ ಎಂದಾಗ ‘ಇನ್’ ಎಂಬ ಲ್ಯಾಟಿನ್ ಉಪಸರ್ಗದ ನಕಾರವು, ‘ಉತ್’ ಎಂಬುದು ‘ಲಾಸ’ದೊಡನೆ ಸೇರಿ ‘ಉಲ್ಲಾಸ’ವಾಗುವ ಕ್ರಮದಲ್ಲಿಯೇ, ಲಕಾರದಲ್ಲಿ ಲೀನವಾಗುವುದು, ‘ಅನ್‌ಲಾಫುಲ್’ ಎಂದಾಗ ‘ಅನ್’ ಎಂಬ ದೇಶ್ಯ ಉಪಸರ್ಗದ ನಕಾರವು ತಲೆಯೆತ್ತಿಕೊಂಡೇ ನಿಲ್ಲುವುದು. ಅಪರಾಧಿಗೆ ಇದರಿಂದ ಲಾಭವೇನೂ ಇಲ್ಲ.

ಇದಕ್ಕಿಂತ ಸೋಜಿಗವೆಂದರೆ, ಈ ಸೂತ್ರಗಳನ್ನು ಚಾಚೂ ತಪ್ಪದೆ ಪಾಲಿಸುವವರಿಗೆ ಅವುಗಳ ಅರಿವೇ ಇಲ್ಲ. ಬಹುವಚನದ ‘ಎಸ್’ ಅಕ್ಷರವು ‘ಕ್ಯಾಟ್’ ಪದದ ಅಘೋಷ ಟಕಾರದ ಬಳಿಕ ಸಕಾರವಾಗಿಯೇ ಉಳಿದು, ‘ಡಾಗ್’ ಪದದ ಘೋಷ ಗಕಾರದ ನೆರೆಯಲ್ಲಿ ತಾನೂ ಘೋಷವಾಗಿ ‘ಡಾಗ್ಜ಼್’ ಎಂದು ಝೇಂಕರಿಸಿ, ‘ಬಸ್’ ಪದದಲ್ಲಿ ತನ್ನಂಥದೇ ಊಷ್ಮಾಕ್ಷರವು ಎದುರಾದಾಗ ನಡುವೆ ಒಂದು ಸ್ವರವನ್ನು ಆಗಮ ಮಾಡಿಕೊಂಡು ‘ಬಸಿಜ಼್’ ಆಗುವುದು. ಭೂತಕಾಲದ ‘ಇಡಿ’ಯದೂ ಇದೇ ನಡತೆ: ವಾಕ್ಟ್, ಬೆಗ್ಡ್, ವಾಂಟಿಡ್. 1958ರಲ್ಲಿ ಜೀನ್ ಬರ್ಕೋ ಎಂಬ ಅಮೆರಿಕದ ವಿದುಷಿಯು ಹಕ್ಕಿಯನ್ನು ಹೋಲುವ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರವನ್ನು ಬರೆದು, ಅದಕ್ಕೆ ‘ವಗ್’ ಎಂದು ನಾಮಕರಣ ಮಾಡಿ, ಚಿಕ್ಕ ಮಕ್ಕಳ ಮುಂದಿರಿಸಿ, ಅಂಥವು ಎರಡಿದ್ದರೆ ಏನೆನ್ನುವಿರಿ ಎಂದು ಕೇಳಿದರು. ಆ ಪದ ಅದಕ್ಕೆ ಮೊದಲು ಯಾರ ಕಿವಿಗೂ ಬಿದ್ದುದಲ್ಲ. ಆದರೂ ಮಕ್ಕಳಲ್ಲಿ ಹೆಚ್ಚಿನವರು ‘ವಗ್ಜ಼್’ ಎಂದೇ ಉತ್ತರಿಸಿದರು. ‘ಗ್ಲಾಸಿಜ಼್’ ಎಂದು ಸರಾಗವಾಗಿ ನುಡಿಯಬಲ್ಲವರೇ ‘ಟ್ಯಾಸ್’ ಎಂಬ ಕೃತಕ ಪದದ ಮುಂದೆ ತಡವರಿಸಿದರೆಂಬುದೂ ನಿಜ. ಆಗಮಸಂಧಿ ಎಲ್ಲ ದೇಶದ ಮಕ್ಕಳಿಗೂ ಕಷ್ಟವೇ ಇರಬೇಕು. ನಮ್ಮ ಮಾತು ಬೇರೆ. ಆ ಜ಼ಕಾರವು ನಮ್ಮ ಅಕ್ಷರಮಾಲೆಯಲ್ಲಿ ಇಲ್ಲದ ಕಾರಣ, ಎಂ.ಎ. ಪದವಿಯನ್ನು ಪಡೆದವರೂ ಸೇರಿದಂತೆ ನಾವೆಲ್ಲರೂ ನಿಸ್ಸಂಕೋಚವಾಗಿ ‘ಡಾಗ್ಸ್’ ಎನ್ನುವೆವು. ನಾಯಿಗಳು ಇದುವರೆಗೆ ಆಕ್ಷೇಪವೆತ್ತಿಲ್ಲ.

ಸ್ವರಗಳದಂತೂ ಒಂದು ಪುರಾಣ. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಬಾಯೊಳಗೆ ಒಂದೊಂದು ಮೆಟ್ಟಿಲು ಮೇಲೇರಿದುವು; ಮೊದಲೇ ತುದಿಯಲ್ಲಿದ್ದು ಮುಂದೆ ಏರಲೆಡೆಯಿಲ್ಲದ ಈಕಾರ ಊಕಾರಗಳು ಸೀಳಿ ಐಕಾರ ಔಕಾರಗಳಾದುವು. ಡೆನ್ಮಾರ್ಕಿನ ಪಂಡಿತ ಆಟೋ ಯೆಸ್ಪರ್ಸನ್ ಇದನ್ನು ಮಹಾಸ್ವರಪಲ್ಲಟವೆಂದು ಕರೆದರು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಬಾಯಲ್ಲಿ ‘ನೇಮ್’ ಎಂಬುದು ಹೆಚ್ಚುಕಡಮೆ ‘ನಾಮ’ವೇ ಆಗಿದ್ದಿತೆಂದು ಹೇಳಿದರೆ ನಮ್ಮ ಸಂಸ್ಕೃತಾಭಿಮಾನಿಗಳು ಅವನಿಗೆ ಶಾಲು ಹೊದಿಸಲು ಸಿದ್ಧರಾದಾರು. ಈ ಗಲಭೆಯ ನಡುವೆಯೇ, 1476ರಲ್ಲಿ, ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಯಂತ್ರವನ್ನು ಹೂಡಿದನು. ಅಚ್ಚಿನ ಮೊಳೆಗಳು ಹಳೆಯ ಕಾಗುಣಿತವನ್ನು ಹಿಡಿದು ಕುಳಿತುವು, ಸ್ವರಗಳು ಕಾಯದೆ ನಡೆದುಬಿಟ್ಟುವು. ಆದರೆ ಪದದ ಕೊನೆಯಿಂದೆಣಿಸಿ ಮೂರನೆಯ ಸ್ಥಾನದಲ್ಲಿದ್ದ ದೀರ್ಘಗಳು ಅದಕ್ಕೂ ಮೊದಲೇ ಹ್ರಸ್ವವಾಗಿ ಕುಗ್ಗಿದ್ದುದರಿಂದ ಆ ಆರೋಹಣದಲ್ಲಿ ಸೇರಲಿಲ್ಲ. ಆದುದರಿಂದಲೇ ಇಂದು ‘ಡಿವೈನ್’ಗೆ ‘ಡಿವಿನಿಟಿ’, ‘ಸೇನ್’ಗೆ ‘ಸ್ಯಾನಿಟಿ’, ‘ಸಿರೀನ್’ಗೆ ‘ಸಿರೆನಿಟಿ’. ಸೂತ್ರವನ್ನು ಧಿಕ್ಕರಿಸಿ ನಿಂತ ಒಂದು ಪದವನ್ನು ಇಲ್ಲಿ ಸ್ಮರಿಸಲೇಬೇಕು: ‘ಒಬೀಸ್’ ಎಂಬುದು ‘ಒಬೀಸಿಟಿ’ಯಾದಾಗಲೂ ಅದರ ದೀರ್ಘವು ಕಿಂಚಿತ್ತೂ ಕುಗ್ಗುವುದಿಲ್ಲ. ಸ್ಥೌಲ್ಯವು ನಿಯಮಕ್ಕೆ ಇಳಿಯುವಂಥದಲ್ಲವೆಂದು ನಾನು ನನ್ನ ವೈದ್ಯರಿಗೆ ಬಹುಕಾಲದಿಂದ ಹೇಳುತ್ತಲೇ ಇದ್ದೇನೆ. ಭಾಷಾಶಾಸ್ತ್ರದ ಈ ಪ್ರಮಾಣವನ್ನು ಅವರು ಅಂಗೀಕರಿಸಲೊಲ್ಲರು.

ಬಾಯಲ್ಲಿ ಆದುದನ್ನು ಇದ್ದಂತೆ ಬರೆಯಬಾರದೇಕೆ ಎಂದು ಕೆರಳಿದವರಲ್ಲಿ ಬರ್ನಾರ್ಡ್ ಷಾ ಮಹಾಶಯರು ಅಗ್ರಗಣ್ಯರು. 1950ರಲ್ಲಿ ತೀರಿಕೊಂಡ ಅವರು ಹೊಸದೊಂದು ಲಿಪಿಗಾಗಿ ಮರಣಶಾಸನದಲ್ಲಿ ಹಣವನ್ನು ಮೀಸಲಿರಿಸಿದ್ದರು. 1962ರಲ್ಲಿ ಅವರ ‘ಆಂಡ್ರೊಕ್ಲೀಸ್ ಅಂಡ್ ದಿ ಲಯನ್’ ನಾಟಕವು ಆ ಲಿಪಿಯಲ್ಲಿ ಅಚ್ಚೂ ಆಯಿತು. ಇಂಗ್ಲಿಷರು ಅದನ್ನು ಬಲು ಸಭ್ಯತೆಯಿಂದ ತಿರುವಿ ನೋಡಿ ಮುಚ್ಚಿಟ್ಟರು. ಮುಚ್ಚಿಟ್ಟುದೇ ಲೇಸಾಯಿತೆಂದು ನನ್ನ ಮತ. ‘ಸೈನ್’ ಪದದಲ್ಲಿ ಮೂಕವಾಗಿರುವ ‘ಜಿ’ಯು ‘ಸಿಗ್ನಚರ್’ನಲ್ಲಿ ಬಾಯಿಬಿಡುವುದು, ‘ಬಾಮ್’ ಪದದ ಕೊನೆಯಲ್ಲಿ ಸದ್ದಿಲ್ಲದೆ ಕುಳಿತ ‘ಬಿ’ಯು ‘ಬೊಂಬಾರ್ಡ್’ನಲ್ಲಿ ಸಿಡಿಯುವುದು. ಉಚ್ಚಾರಕ್ಕೆ ತಕ್ಕಂತೆ ಬರೆದರೆ ಈ ಬಾಂಧವ್ಯಗಳ ದಾಖಲೆಯೇ ಅಳಿಸಿಹೋದೀತು. ನಾಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ 1968ರಲ್ಲಿ ಹೊರತಂದ ‘ದಿ ಸೌಂಡ್ ಪ್ಯಾಟರ್ನ್ ಆಫ್ ಇಂಗ್ಲಿಷ್’ ಎಂಬ ಗ್ರಂಥದಲ್ಲಿ, ಜಗತ್ತೆಲ್ಲ ನಗುತ್ತಿದ್ದ ಆ ಕಾಗುಣಿತವೇ ಇಂಗ್ಲಿಷ್ ಶಬ್ದಗಳ ಮೂಲರೂಪವನ್ನು ಹಿಡಿದಿಡಲು ಬಹುಮಟ್ಟಿಗೆ ಅತ್ಯುತ್ತಮವಾದ ವ್ಯವಸ್ಥೆಯೆಂದು ಸಾರಿದರು. ಮೂಲರೂಪವೊಂದನ್ನಿರಿಸಿ ಅದರ ಮೇಲೆ ಸೂತ್ರಗಳನ್ನು ಕ್ರಮವಾಗಿ ಹಾಯಿಸುವ ಅವರ ವಿಧಾನ ಪಾಣಿನಿಯ ನಾಡಿನವರಿಗೆ ಅಪರಿಚಿತವಲ್ಲ. ನಮ್ಮ ಹಿರಿಯರು ವೇದವನ್ನು ಸಂಧಿಗೂಡಿದ ಸಂಹಿತಾಪಾಠವಾಗಿಯೂ, ಶಾಕಲ್ಯನು ಋಗ್ವೇದಕ್ಕೆ ಮಾಡಿದಂತೆ, ಸಂಧಿಯನ್ನು ಬಿಡಿಸಿಟ್ಟ ಪದಪಾಠವಾಗಿಯೂ ಎರಡು ಬಗೆಯಲ್ಲಿ ಕಾಪಾಡಿದರಷ್ಟೆ. ‘ಮಳೆ’ಗೆ ‘ಕಾಲ’ವನ್ನು ಸೇರಿಸಿ ‘ಮಳೆಗಾಲ’ವೆಂದು ಗಕಾರವನ್ನೇ ಬರೆಯುವ ಕನ್ನಡಿಗನು ಕಾಗದದ ಮೇಲಿಡುವುದು ಸಂಹಿತೆಯನ್ನು, ಇಂಗ್ಲಿಷಿನವನು ಬರೆಯುವುದು ಪದಪಾಠವನ್ನು, ಓದುವುದು ಸಂಹಿತೆಯನ್ನು.

ನಮ್ಮ ಪ್ರೌಢಶಾಲೆಗಳ ಒಂದು ಕೊಠಡಿಯಲ್ಲಿ ಕನ್ನಡ ಪಂಡಿತರು ಲೋಪ, ಆಗಮ, ಆದೇಶಗಳನ್ನು ಉದಾಹರಣೆಸಹಿತ ವಿವರಿಸುತ್ತಿರುವಾಗಲೇ, ಪಕ್ಕದ ಕೊಠಡಿಯಲ್ಲಿ ಇಂಗ್ಲಿಷ್ ಉಪಾಧ್ಯಾಯರು ‘ಅದು ಇರುವುದೇ ಹಾಗೆ, ಬಾಯಿಪಾಠ ಮಾಡಿ’ ಎಂದು ಮೇಜು ಕುಟ್ಟುತ್ತಿರುವರು. ನಡುವಣ ಗೋಡೆಯನ್ನು ಕೆಡವಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಉಪಾಧ್ಯಾಯರು ವಾರಕ್ಕೊಂದು ದಿನ ಈಚೆಯ ಕೊಠಡಿಗೆ ದಯಮಾಡಿಸಿ, ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತುಹೋಗಲಿ.