ಗೋದೌಲಿಯಾದ ಗದ್ದಲ

ಏನ್ ಮೇಷ್ಟ್ರೇ, ಕಾಶಿಗೆ ಟಿಕೆಟ್ ಆಯ್ತಂತೆ! ಜಂಗಮವಾಡಿ ಮಠದಲ್ಲೇ ತಾನೆ ಇಳ್ಕೊಳ್ಳೋದು? ಹಾಗಾದರೆ ಗೋದೌಲಿಯಾ ಚೌಕ ತಪ್ಪಿದ್ದಲ್ಲ ಬಿಡಿ.

ನೀವು ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರ್ ಹಿಡ್ಕೊಂಡು ಈ ಬೇಲಿ ಹತ್ತಿರ ಬಂದು ಓದಿ ಹೇಳ್ತೀರಲ್ಲ, ಮೀಸಲಾತಿಗೆ ‘ಕ್ಲ್ಯಾಮರ್’ ಎದ್ದಿದೆ, ಮಂತ್ರಿ ಪದವಿಗೆ ‘ಕೋರಸ್’ ಶುರುವಾಗಿದೆ, ಅದೀಗ ‘ಕ್ರೆಸೆಂಡೊ’ ಮುಟ್ಟಿದೆ ಅಂತ? ಆ ಮೂರೂ ಅಲ್ಲಿ ಒಟ್ಟಿಗೇ ಕಿವಿಗೆ ಬೀಳುತ್ತವೆ. ಇ-ರಿಕ್ಷಾದವನು ಒಂದು ಕಡೆ, ದೋಣಿಯವನು ಇನ್ನೊಂದು ಕಡೆ, ಸೀರೆ ಅಂಗಡಿ ದಲ್ಲಾಳಿ ನಿಮ್ಮ ಮನೆಯವರ ಹಿಂದೆ. ನೀವು ‘ಬೇಡಪ್ಪಾ’ ಅಂದಷ್ಟೂ ಅವರ ದನಿ ಏರುತ್ತೆ. (ಇಟಲಿಯ ಸಂಗೀತಗಾರರಿಗೆ ಕ್ರೆಸೆಂಡೊ ಅಂದರೆ ಈ ಏರೋದೇ. ಅದನ್ನು ‘ಮುಟ್ಟೋ’ ತುದಿ ಮಾಡಿದವರು ಪೇಪರಿನವರು!)

ಆದರೆ ನಿಜವಾಗಿ ಬೇಕಾದ್ದನ್ನ ಕೇಳೋವಾಗ ಕಾಶಿಯವರು ಕೂಗಿದವರಲ್ಲ ಮೇಷ್ಟ್ರೇ. ಕೂತವರು. ಸಾಲ ಕೊಟ್ಟ ಬ್ರಾಹ್ಮಣ ಸಾಲಗಾರನ ಬಾಗಿಲಲ್ಲಿ ಉಪವಾಸ ಕೂತುಬಿಡೋನು. ಅವನು ಸತ್ತರೆ ಆ ಪಾಪ ಮನೆಯವರ ತಲೆಗೆ. ಈಸ್ಟ್ ಇಂಡಿಯಾ ಕಂಪನಿಯವರು ಇದಕ್ಕೆ ಹೆದರಿ 1795ರಲ್ಲಿ ಬನಾರಸ್ ಪ್ರಾಂತ್ಯಕ್ಕೆಂದೇ ನಿಷೇಧದ ಕಾಯ್ದೆ ತಂದರು. 1860ರ ದಂಡಸಂಹಿತೆಯ 508ನೇ ಕಲಮು ನೋಡಿ. ಅಷ್ಟೊಂದು ಇಂಗ್ಲಿಷ್ ಮಧ್ಯೆ ಉದಾಹರಣೆ ಕೊಡೋವಾಗ ‘ಧರ್ನಾ’ ಅಂತ ನಮ್ಮ ಮಾತನ್ನೇ ಹಾಕಿದ್ದಾರೆ. ಕೂಗಾಟಕ್ಕೆ ಅವರ ಹತ್ತಿರ ಪದಗಳ ಮೂಟೆಯೇ ಇತ್ತು, ಇದಕ್ಕೆ ಒಂದೂ ಸಿಗಲಿಲ್ಲ ಪಾಪ.

ಕಾಯ್ದೆ ಬಂತು ಅಂತ ಊರು ಎದ್ದು ಹೋಯ್ತಾ? ಎಲ್ಲಿ! 1810ರಲ್ಲಿ ಕಂಪನಿ ಮನೆ ತೆರಿಗೆ ಹಾಕಿತು. ಆ ಡಿಸೆಂಬರಿನ ಚಳಿಯಲ್ಲಿ ಜನ ಅಂಗಡಿ ಮುಚ್ಚಿ, ಮನೆಗೆ ಬೀಗ ಜಡಿದು, ಊರಾಚೆ ಬಯಲಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಹೋಗಿ ಕೂತರು. ಕಮ್ಮಾರರು, ದರ್ಜಿಗಳು, ಕ್ಷೌರಿಕರು, ಪಲ್ಲಕ್ಕಿ ಹೊರೋರು, ಜಾತಿಜಾತಿಯೂ ಕಟ್ಟುಮಾಡಿಕೊಂಡು ಕೆಲಸ ನಿಲ್ಲಿಸಿತು. ಹೆಣಕ್ಕೆ ಸಂಸ್ಕಾರ ಮಾಡೋರಿಲ್ಲದೆ ಹಾಗೇ ಗಂಗೆಗೆ ಬಿಟ್ಟರಂತೆ. ಮೋಕ್ಷಕ್ಕೇ ಹೆಸರಾದ ಊರಲ್ಲಿ ಇದಕ್ಕಿಂತ ದೊಡ್ಡ ಹಟ ಬೇಕೇ? ಹೊಡೆದಾಟ ಇಲ್ಲ, ಆಯುಧ ಇಲ್ಲ. ಯಾರನ್ನ ಹಿಡಿದು ಶಿಕ್ಷೆ ಕೊಡೋದು ಅಂತ ಮ್ಯಾಜಿಸ್ಟ್ರೇಟ್ ಬರ್ಡ್ ಸಾಹೇಬರಿಗೇ ಪೇಚಾಟ. ಗಾಂಧೀಜಿ ಹುಟ್ಟೋದಕ್ಕೆ ಇನ್ನೂ ಸುಮಾರು 60 ವರ್ಷ ಇತ್ತು ನೋಡಿ.

ಇದೆಲ್ಲ ಕಟ್ಟುಕತೆ ಅನ್ನಬೇಡಿ. ಕಂಪನಿಯ ಕಾಗದಪತ್ರಗಳನ್ನೇ ಹುಡುಕಿ ತೆಗೆದು ಇತಿಹಾಸಕಾರ ಧರ್ಮಪಾಲರು 1971ರಲ್ಲಿ ಪುಸ್ತಕ ಮಾಡಿದ್ದಾರೆ, ಅದೂ ಇಂಗ್ಲಿಷಿನಲ್ಲಿ, ನಿಮಗೆ ಅನುಕೂಲವೇ. ರೈಲಿನಲ್ಲಿ ಓದಿಕೊಳ್ಳಿ. ಜನವರಿಯಲ್ಲಿ ಜನ ಮನೆಗೆ ಮರಳಿದರು, ಕೊನೆಗೆ ಕಂಪನಿ ಆ ತೆರಿಗೆಯನ್ನೇ ಕೈಬಿಟ್ಟಿತು.